ಕರುವಿಗೆ ಸೀಸ ತಗುಲಿದರೆ ಮಗುವಿನ ರಕ್ತವನ್ನೂ ನೋಡಿಸಿ



ಗುಪ್ತ ಕೆಚ್ಚಲು ಬಾವು ನಿಮಗೆಲ್ಲ ಗೊತ್ತು. ಹಸು ಮೇವು ತಿನ್ನುತ್ತದೆ, ಮೆಲುಕು ಹಾಕುತ್ತದೆ, ಕೆಚ್ಚಲು ಬಿಸಿಯಿಲ್ಲ, ಹಾಲಿನಲ್ಲಿ ಹೆಪ್ಪಿಲ್ಲ. ಆದರೂ ದಿನದಿನಕ್ಕೆ ಹಾಲು ಕಡಿಮೆಯಾಗುತ್ತದೆ. ನಾಲ್ಕು ಗುಳಿಯ ತಟ್ಟೆಯಲ್ಲಿ ನಾಲ್ಕೂ ಮೊಲೆಯ ಹಾಲು ಹಿಂಡಿ, ದ್ರಾವಣ ಹಾಕಿ ತಿರುಗಿಸಿದಾಗ ಲೋಳೆ ಕಟ್ಟಿದರೆ ಆಗ ಮಾತ್ರ ರೋಗ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ್ದನ್ನು ಪರೀಕ್ಷೆ ತೋರಿಸುತ್ತದೆ.

ನಮ್ಮ ಚಿಕ್ಕ ಮಕ್ಕಳಲ್ಲೂ ಹೀಗೆಯೇ ಅಡಗಿ ಕೂರುವ ತೊಂದರೆಯೊಂದಿದೆ. ಅದು ಸೀಸದ ವಿಷ. ಮಗು ಆಡುತ್ತದೆ, ಉಣ್ಣುತ್ತದೆ, ನಗುತ್ತದೆ. ಆದರೆ ರಕ್ತದಲ್ಲಿರುವ ಸೀಸ ಅದರ ಮಿದುಳಿನ ಬೆಳವಣಿಗೆಯನ್ನು ಕುಂದಿಸುತ್ತಿರುತ್ತದೆ. ಅದನ್ನು ಕಂಡುಹಿಡಿಯಲು ಇರುವ ದಾರಿ ರಕ್ತ ಪರೀಕ್ಷೆ.

ಸೀಸ ಎಂದಾಗ ಬಾಟಲಿಯ ಸೀಸೆ ನೆನಪಾಗಬಹುದು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಪೆನ್ಸಿಲಿಗೆ ನಾವು ಸೀಸದ ಕಡ್ಡಿ ಎನ್ನುತ್ತೇವೆ, ಅದರೊಳಗಿರುವುದೂ ಸೀಸವಲ್ಲ, ಗ್ರಾಫೈಟ್. ನಾನು ಹೇಳುತ್ತಿರುವುದು ಟ್ರಾಕ್ಟರ್ ಬ್ಯಾಟರಿಯೊಳಗಿನ, ಮೀನಿನ ಬಲೆಗೆ ಕಟ್ಟುವ ಗುಂಡಿನಲ್ಲಿರುವ ಆ ಭಾರದ, ಮೆತ್ತನೆಯ, ಬೂದು ಬಣ್ಣದ ಲೋಹದ ಬಗ್ಗೆ.

ದನದ ಡಾಕ್ಟರಿಗೆ ಮಕ್ಕಳ ಮಾತೇಕೆ?

ಈ ವಿಷವನ್ನು ನಾವು ಪಶುವೈದ್ಯರು ದನಗಳಲ್ಲಿ ಓದಿ ತಿಳಿದಿದ್ದೇವೆ. ದನಗಳಿಗೆ ತಗಲುವ ವಿಷಗಳಲ್ಲಿ ಸೀಸ ಬಹಳ ಹಳೆಯದು, ಅದಕ್ಕೆ ಮುಖ್ಯ ಕಾರಣ ಎಸೆದ ಬ್ಯಾಟರಿ. ದನಕ್ಕೆ ಆರಿಸಿ ತಿನ್ನುವ ಅಭ್ಯಾಸ ಕಡಿಮೆ. ಮೇಲಾಗಿ ರಂಜಕ ಮತ್ತು ಖನಿಜಾಂಶ ಕಡಿಮೆಯಾದ ಹಸು ಮಣ್ಣು, ಮೂಳೆ, ಪ್ಲಾಸ್ಟಿಕ್ಕು, ಸಿಕ್ಕಿದ್ದನ್ನೆಲ್ಲ ನೆಕ್ಕುತ್ತದೆ. ಒಡೆದ ಬ್ಯಾಟರಿಯ ತಟ್ಟೆಯ ಚೂರು ಹೊಟ್ಟೆಗೆ ಹೋದರೆ, ಮೊಳೆ ತಂತಿ ಹೋಗಿ ನಿಲ್ಲುವ ಆ ಜಾಲಹೊಟ್ಟೆಯಲ್ಲೇ ನಿಂತು ದಿನವೂ ಸ್ವಲ್ಪ ಸ್ವಲ್ಪ ಕರಗುತ್ತದೆ.

ಆಗ ಏನಾಗುತ್ತದೆ? ಕಣ್ಣು ತೆರೆದಿದ್ದರೂ ಕಾಣದೆ ಕರು ಗೋದಲಿಗೆ, ಕಂಬಕ್ಕೆ ಹಾಯುತ್ತದೆ. ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ. ಹಲ್ಲು ಕಡಿಯುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಕಿವಿ ಮತ್ತು ಕಣ್ಣಿನ ರೆಪ್ಪೆ ಅದುರುತ್ತವೆ. ಮೆಲುಕು ನಿಲ್ಲುತ್ತದೆ. ಕೊನೆಗೆ ಸೆಳೆತ ಬಂದು ಬೀಳುತ್ತದೆ. ದೊಡ್ಡ ಹಸುವಿಗಿಂತ ಕರುವಿಗೆ ಬೇಗ, ಹೆಚ್ಚು. ಇಲ್ಲೊಂದು ಎಚ್ಚರಿಕೆ: ನೊರೆ ಸುರಿಸುವ ದನಕ್ಕೆ ಹುಚ್ಚು ನಾಯಿ ರೋಗವೂ ಇರಬಹುದು. ವೈದ್ಯರು ನೋಡುವವರೆಗೆ ಬಾಯಿಗೆ ಕೈ ಹಾಕಬೇಡಿ, ಗೊಟ್ಟದಲ್ಲಿ ಔಷಧಿ ಹುಯ್ಯಬೇಡಿ.

ಇಂಥ ಕರುವನ್ನು ನೋಡಲು ಬಂದ ಪಶುವೈದ್ಯರು ಕೊಟ್ಟಿಗೆಯ ಸುತ್ತ ಒಂದು ಸುತ್ತು ಹಾಕುತ್ತಾರೆ. ಹಳೆ ಬ್ಯಾಟರಿ ಎಲ್ಲಿಟ್ಟಿದ್ದೀರಿ, ಬಣ್ಣದ ಡಬ್ಬಿ ಎಲ್ಲಿ ಎಸೆದಿರಿ ಎಂದು ಕೇಳುತ್ತಾರೆ. ಅಲ್ಲಿಗೆ ನಿಲ್ಲಿಸಬಾರದು. ಇನ್ನೊಂದು ಪ್ರಶ್ನೆ ಇದೆ: ‘ಅವ್ವಾ, ಮನೆಯಲ್ಲಿ ಆರು ವರ್ಷದೊಳಗಿನ ಮಕ್ಕಳು ಎಷ್ಟು ಜನ?’

ಕರು ನೆಕ್ಕಿದ ಜಾಗದಲ್ಲೇ ಮಗುವೂ ಅಂಬೆಗಾಲಿಡುತ್ತದೆ. ಕರುವಿಗೆ ಕಣ್ಣು ಹೋದರೆ ನೀವು ಫೋನ್ ಮಾಡುತ್ತೀರಿ. ಮಗು ಏನೂ ಹೇಳುವುದಿಲ್ಲ. ಅದಕ್ಕೇ ಕರುವಿನ ರೋಗ ಮಗುವಿಗೆ ಬಂದ ಎಚ್ಚರಿಕೆಯೂ ಹೌದು.

ಮಗುವಿನ ಮೈಯಲ್ಲಿ ಸೀಸ ಏನು ಮಾಡುತ್ತದೆ?

ದೇಹಕ್ಕೆ ಸೀಸದಿಂದ ಯಾವ ಉಪಯೋಗವೂ ಇಲ್ಲ. ಆದರೆ ಸುಣ್ಣಾಂಶ, ಅಂದರೆ ಕ್ಯಾಲ್ಸಿಯಂ ಹೋಗುವ ದಾರಿಯಲ್ಲೇ ಅದೂ ನುಸುಳುತ್ತದೆ. ನುಂಗಿದ ಅಷ್ಟೇ ಸೀಸದಲ್ಲಿ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚು ಚಿಕ್ಕ ಮಗುವಿನ ರಕ್ತ ಸೇರಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರಕ್ತದಲ್ಲಿ ಕಬ್ಬಿಣಾಂಶ ಕಡಿಮೆ ಇರುವ, ಸುಣ್ಣಾಂಶ ಸಾಲದ ಮಗುವಿನ ಕರುಳು ಸೀಸವನ್ನು ಇನ್ನೂ ಹೆಚ್ಚು ಹೀರುತ್ತದೆ. ಇಂಥ ಮಗುವೇ ಮಣ್ಣು, ಗೋಡೆಯ ಚಕ್ಕೆ ತಿನ್ನುವುದೂ ಹೆಚ್ಚು. ಖನಿಜಾಂಶ ಕಡಿಮೆಯಾದ ಹಸು ಸಿಕ್ಕಿದ್ದನ್ನು ನೆಕ್ಕುವ ಹಾಗೆಯೇ ಇದು.

ಸೀಸ ಬಹಳ ಹೆಚ್ಚಾದರೆ ಹೊಟ್ಟೆ ನೋವು, ಮಲಬದ್ಧತೆ, ವಾಂತಿ, ಕೊನೆಗೆ ಸೆಳೆತ. ಕಡಿಮೆ ಪ್ರಮಾಣದಲ್ಲಿ ಕಾಣುವುದು ಕಡಿಮೆ, ಆಗುವ ಹಾನಿ ಮಾತ್ರ ನಿಜ: ಮಾತು ತಡ, ಗಮನ ನಿಲ್ಲದು, ಕಲಿಕೆ ಹಿಂದೆ, ಸಿಟ್ಟು ಹಟ ಹೆಚ್ಚು, ಮೈಯಲ್ಲಿ ರಕ್ತ ಕಡಿಮೆ. ಇವನ್ನೆಲ್ಲ ನಾವು ‘ಹುಡುಗ ಮಂದ’, ‘ಹುಡುಗಿ ಹಟಮಾರಿ’ ಎಂದು ತಳ್ಳಿಹಾಕುತ್ತೇವೆ. ಮಿದುಳಿಗೆ ಒಮ್ಮೆ ಆದ ಹಾನಿಯನ್ನು ಔಷಧಿ ಹಿಂದಕ್ಕೆ ತರಲಾರದು. ಅದಕ್ಕೇ ಲಕ್ಷಣ ಕಾಣುವವರೆಗೆ ಕಾಯಬಾರದು.

ಮತ್ತೊಂದು ಮಾತು ಹೆಣ್ಣುಮಕ್ಕಳಿಗೆ. ರಕ್ತದಿಂದ ಸೀಸ ಮೂಳೆಗೆ ಹೋಗಿ ವರ್ಷಗಟ್ಟಲೆ ಕೂರುತ್ತದೆ. ಬಸಿರು, ಬಾಣಂತನದಲ್ಲಿ ತಾಯಿಯ ಮೂಳೆಯ ಸುಣ್ಣಾಂಶ ಕರಗಿ ಮಗುವಿಗೆ ಹೋಗುವಾಗ ಅದರ ಜೊತೆ ಸೀಸವೂ ಹೋಗುತ್ತದೆ. ಇಂದಿನ ಹುಡುಗಿಯ ಮೈಗೆ ಸೇರಿದ ಸೀಸ ನಾಳೆ ಅವಳ ಮಗುವಿಗೂ ತಟ್ಟಬಹುದು.

ಬೆಂಗಳೂರಿನಲ್ಲಿ ಬಯಲಾದದ್ದು

ಇದು ಬೇರೆ ದೇಶದ ಸುದ್ದಿ ಎಂದುಕೊಳ್ಳಬೇಡಿ. ದೇಶದ ಮಕ್ಕಳ ರಕ್ತದಲ್ಲಿ ಎಷ್ಟು ಸೀಸವಿದೆ ಎಂದು ದೊಡ್ಡ ಪ್ರಮಾಣದಲ್ಲಿ ನೋಡುವ ಕೆಲಸಕ್ಕೆ ನಮ್ಮ ರಾಜ್ಯವೇ ಕೇಂದ್ರವಾಗಿತ್ತು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೊಡ್ಡ ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷೆ ಮಾಡಿಸಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನಶಾಸ್ತ್ರ ಪ್ರಾಧ್ಯಾಪಕ ಡಾ. ತುಪ್ಪಿಲ್ ವೆಂಕಟೇಶ್ ಈ ಕೆಲಸದಲ್ಲಿ ಮುಂದೆ ನಿಂತರು. ಪರೀಕ್ಷೆಗೆ ಒಳಗಾದ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳ ರಕ್ತದಲ್ಲಿ ಒಂದು ಡೆಸಿಲೀಟರಿಗೆ, ಅಂದರೆ 100 ಮಿಲಿಲೀಟರಿಗೆ, 10 ಮೈಕ್ರೋಗ್ರಾಂ ಮೀರಿ ಸೀಸ ಕಂಡುಬಂತು. ಆಗ ಅಪಾಯದ ಗೆರೆ ಎಂದು ಎಣಿಸಿದ್ದುದು ಆ 10. ಫೆಬ್ರವರಿ 1999ರಲ್ಲಿ ಬೆಂಗಳೂರಿನಲ್ಲೇ ಈ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು.

ಆಗ ಪೆಟ್ರೋಲಿನಲ್ಲಿ ಸೀಸ ಬೆರೆಸುತ್ತಿದ್ದರು. 2000ದಲ್ಲಿ ದೇಶದಾದ್ಯಂತ ಸೀಸದ ಪೆಟ್ರೋಲ್ ನಿಂತಿತು. ಪರೀಕ್ಷೆಯಿಂದ ಅಂಕಿ ಸಿಕ್ಕರೆ ಮಾತಿಗೆ ಬಲ ಬರುತ್ತದೆ. ಹಾಲಿನ ಫ್ಯಾಟು ಅಳೆಯದೆ ದರ ಕೇಳಲು ಆಗುತ್ತದೆಯೇ?

ಪೆಟ್ರೋಲ್ ಬದಲಾದರೂ ಸೀಸ ಹೋಗಲಿಲ್ಲ. ಜಗತ್ತಿನಲ್ಲಿ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ 5 ಮೈಕ್ರೋಗ್ರಾಂ ಅಥವಾ ಅದಕ್ಕೂ ಹೆಚ್ಚು ಸೀಸವಿದೆ, ಅವರಲ್ಲಿ ಸುಮಾರು 27.5 ಕೋಟಿ ಮಕ್ಕಳು ಭಾರತದವರು ಎಂದು 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳ ವರದಿ ಅಂದಾಜು ಮಾಡಿತು. ಮುಖ್ಯ ಕಾರಣಗಳಲ್ಲಿ ಮೊದಲು ಹೇಳಿದ್ದು ಹಳೆ ಬ್ಯಾಟರಿಗಳನ್ನು ಕಂಡಕಂಡಲ್ಲಿ ಒಡೆದು ಕರಗಿಸುವುದನ್ನು.

ನಮ್ಮ ಊರುಗಳಲ್ಲಿ ಎಲ್ಲಿ ನೋಡಬೇಕು?

ಮೊದಲು ಒಂದು ತಪ್ಪು ತಿಳಿವಳಿಕೆ ಬಿಡೋಣ. ಸಂಡೂರಿನ ಕೆಂಪು ಧೂಳು ಕಬ್ಬಿಣದ ಅದಿರಿನದು. ಅದು ಉಸಿರಿಗೆ, ಮೇವಿಗೆ ಕೊಡುವ ಕಾಟ ಬೇರೆ. ಕೆಂಪಗಿದೆ ಎಂದ ಮಾತ್ರಕ್ಕೆ ಅದು ಸೀಸವಲ್ಲ. ಆದರೆ ಅದಿರು ಹೊರುವ ಲಾರಿಗಳಿಗೂ ಬ್ಯಾಟರಿ ಇದೆ, ಹೊಸಪೇಟೆ–ಸಂಡೂರು–ಬಳ್ಳಾರಿ ರಸ್ತೆಗಳ ಪಕ್ಕ ಗ್ಯಾರೇಜುಗಳಿವೆ. ಹುಡುಕಬೇಕಾದ್ದು ಇವನ್ನು:

ಬ್ಯಾಟರಿ. ಟ್ರಾಕ್ಟರ್, ಲಾರಿ, ಆಟೋ, ಮನೆಯ ಯುಪಿಎಸ್, ಹೊಲಕ್ಕೆ ಹಂದಿ ಕರಡಿ ಬಾರದಂತೆ ಹಾಕುವ ಝಟ್ಕಾ ತಂತಿ, ಎಲ್ಲಕ್ಕೂ ಸೀಸದ ಬ್ಯಾಟರಿಯೇ ಹೆಚ್ಚು. ಇಂಥ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕೂ ಮಿಕ್ಕಿ ಸೀಸವೇ ಇರುತ್ತದೆ. ಅದು ಕೊಟ್ಟಿಗೆಯ ಮೂಲೆಯಲ್ಲೋ ತಿಪ್ಪೆಯ ಪಕ್ಕವೋ ಬಿದ್ದಿದ್ದರೆ ಇಂದೇ ಅಲ್ಲಿಂದ ತೆಗೆಸಿ. ಒಡೆದಿದ್ದರೆ ಮಕ್ಕಳ ಕೈಯಿಂದ ಎತ್ತಿಸಬೇಡಿ.

ಮನೆಯವರ ಕೆಲಸ. ಗಂಡ, ಮಗ, ಮೈದುನ ಬ್ಯಾಟರಿ ಅಂಗಡಿ, ರೇಡಿಯೇಟರ್ ಬೆಸುಗೆ, ಲಾರಿ ಪೇಂಟಿಂಗ್, ಗುಜರಿ ಕೆಲಸದಲ್ಲಿದ್ದರೆ ಧೂಳು ಅವರ ಅಂಗಿಯ ಜೊತೆ ಮನೆಗೆ ಬರುತ್ತದೆ. ಬಂದ ಕೂಡಲೇ ಮಗುವನ್ನು ಎತ್ತಿಕೊಳ್ಳುವ ಮೊದಲು ಮೈ ತೊಳೆದು ಬಟ್ಟೆ ಬದಲಾಯಿಸಲಿ. ಆ ಬಟ್ಟೆಯನ್ನು ಮಗುವಿನ ಬಟ್ಟೆಯ ಜೊತೆ ಒಗೆಯಬೇಡಿ.

ಮೀನಿನ ಬಲೆ. ತುಂಗಭದ್ರಾ ಹಿನ್ನೀರು, ಹೊಳೆಯ ದಂಡೆಯ ಊರುಗಳಲ್ಲಿ ಬಲೆಗೆ ಸೀಸದ ಗುಂಡು ಕಟ್ಟುತ್ತಾರೆ. ಅದನ್ನು ಒಲೆಯ ಮೇಲೆ ಕರಗಿಸುವುದು, ಹಲ್ಲಿನಿಂದ ಕಚ್ಚಿ ಬಿಗಿಯುವುದು, ಮಕ್ಕಳಿಗೆ ಆಡಲು ಕೊಡುವುದು ಮೂರೂ ಬೇಡ.

ಬಣ್ಣ. ಕಾರಹುಣ್ಣಿಮೆಗೆ ಎತ್ತಿನ ಕೋಡು ಹೆರೆದು ಬಣ್ಣ ಹಚ್ಚುತ್ತೇವೆ. ಹೆರೆದ ಹಳೆ ಬಣ್ಣದ ಪುಡಿ ಅಂಗಳದಲ್ಲೇ ಬೀಳುತ್ತದೆ, ಸುತ್ತ ಮಕ್ಕಳ ಗುಂಪು ಇರುತ್ತದೆ. ಹಳದಿ, ಕಿತ್ತಳೆ ಬಣ್ಣದ ಎಣ್ಣೆ ಪೇಂಟುಗಳಲ್ಲಿ ಸೀಸದ ಕ್ರೋಮೇಟ್ ಹಾಕುವುದು ಹಳೆಯ ರೂಢಿ. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರದ ನಿಯಮ ನವೆಂಬರ್ 2017ರಿಂದ ಜಾರಿಯಲ್ಲಿದೆ. ಲಾರಿ, ಯಂತ್ರಗಳಿಗೆ ಬಳಿಯುವ ಕೈಗಾರಿಕಾ ಬಣ್ಣ ಆ ನಿಯಮದಲ್ಲಿ ಬರುವುದಿಲ್ಲ. ಆದ್ದರಿಂದ ಟ್ರಾಕ್ಟರಿಗೆ ಬಳಿದು ಉಳಿದ ಬಣ್ಣ ಕೋಡಿಗೂ ಬೇಡ, ತೊಟ್ಟಿಲಿಗೂ ಬೇಡ. ನಮ್ಮ ಹಿರಿಯರ ಹುರಮಂಜು, ಸುಣ್ಣ ಇವೆಯಲ್ಲ. ಕೋಡು ಹೆರೆಯುವಾಗ ಕೆಳಗೆ ಗೋಣಿಚೀಲ ಹಾಸಿ, ಪುಡಿ ಮಡಚಿ ತೆಗೆಯಿರಿ.

ಕಣ್ಣಿಗೆ, ಹಣೆಗೆ ಹಚ್ಚುವವು. ಹರಳೆಣ್ಣೆ ದೀಪದ ಮಸಿಯಿಂದ ಮನೆಯಲ್ಲಿ ಮಾಡಿದ ಕಾಡಿಗೆ ಬೇರೆ, ಕಲ್ಲಿನ ಸುರ್ಮಾ ಬೇರೆ. ಸುರ್ಮಾ ಹೆಚ್ಚಾಗಿ ಸೀಸದ ಅದಿರಿನ ಪುಡಿಯೇ ಆಗಿರುತ್ತದೆ. ಸಿಂಧೂರ ಎಂದು ಮಾರುವ ಕೆಲವು ಕಿತ್ತಳೆ ಪುಡಿಗಳಲ್ಲೂ ಸೀಸ ಸಿಕ್ಕಿದೆ. ದೇವರಿಗೆ ಹಚ್ಚಿದ ಸಿಂಧೂರ ಮಗುವಿನ ಬಾಯಿಗೆ ಹೋಗದಿರಲಿ, ನಾಲಿಗೆಗೆ ನೆಕ್ಕಿಸುವುದಂತೂ ಬೇಡವೇ ಬೇಡ.

ಪಾತ್ರೆ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವನ್ನೇ ಕೇಳಿ. ಸೀಸ ಬೆರೆತ ಕಲಾಯಿಯ ಪಾತ್ರೆಯಲ್ಲಿ ಹುಳಿ, ಮಜ್ಜಿಗೆ ಇಟ್ಟರೆ ಅದು ಬಿಡುತ್ತದೆ. ಹಾಲಿಗೆ ಸ್ಟೀಲ್ ಪಾತ್ರೆ ಒಳ್ಳೆಯದು.

ಬೇರೆಯವರ ಊರಿನ ಒಂದು ಪಾಠ

ಆಫ್ರಿಕಾದ ಸೆನೆಗಲ್ ದೇಶದ ರಾಜಧಾನಿ ಡಕಾರ್ ಪಕ್ಕ ಥಿಯಾರೋಯ್ ಎಂಬ ಊರಿದೆ. ಅಲ್ಲಿ ಹಳೆ ಬ್ಯಾಟರಿ ಒಡೆಯುವ ಕೆಲಸ ವರ್ಷಗಟ್ಟಲೆ ನಡೆದಿತ್ತು. ಮಣ್ಣಿನಲ್ಲಿ ಉಳಿದ ಸೀಸದ ಚೂರಿಗೆ ಬೆಲೆ ಬಂದಾಗ ಹೆಂಗಸರು ಆ ಮಣ್ಣನ್ನು ಜರಡಿ ಹಿಡಿದು ಮಾರತೊಡಗಿದರು. ಅದೂ ಮನೆ ನಡೆಸಲು ಎರಡು ಕಾಸು ಸಿಗಲಿ ಎಂದೇ. ನವೆಂಬರ್ 2007ರಿಂದ ಮಾರ್ಚ್ 2008ರೊಳಗೆ 18 ಮಕ್ಕಳು ಸತ್ತರು. ಆಮೇಲೆ ಆ ಮಕ್ಕಳ ಒಡಹುಟ್ಟಿದವರ, ತಾಯಂದಿರ ರಕ್ತ ನೋಡಿದಾಗ ಅವರಲ್ಲೂ ಸೀಸ ವಿಪರೀತವಾಗಿತ್ತು. ಮೊದಲ ಮಗು ಕಾಯಿಲೆ ಬಿದ್ದಾಗಲೇ ಪರೀಕ್ಷೆ ಆಗಿದ್ದರೆ ಎಂದು ಓದಿದವರಿಗೆಲ್ಲ ಅನ್ನಿಸುತ್ತದೆ.

ಯಾವ ಮಗುವಿಗೆ ಪರೀಕ್ಷೆ, ಹೇಗೆ?

ಆರು ತಿಂಗಳಿಂದ ಆರು ವರ್ಷದೊಳಗಿನ ಮಗು ಮನೆಯಲ್ಲಿದ್ದು, ಕೆಳಗಿನ ಯಾವ ಒಂದಕ್ಕಾದರೂ ‘ಹೌದು’ ಎಂದರೆ ಮಕ್ಕಳ ವೈದ್ಯರ ಹತ್ತಿರ ಹೋಗಿ:

1. ಮನೆಯ ದನ, ಕರು, ಆಡಿಗೆ ಸೀಸದ ವಿಷ ಎಂದು ಪಶುವೈದ್ಯರು ಹೇಳಿದ್ದಾರೆಯೇ?
2. ಮನೆಯ ಹತ್ತಿರ ಬ್ಯಾಟರಿ ಒಡೆಯುವ, ಸೀಸ ಕರಗಿಸುವ ಕೆಲಸ ಇದೆಯೇ, ಇತ್ತೇ?
3. ಮನೆಯವರು ಯಾರಾದರೂ ಸೀಸದ ಕೆಲಸದಲ್ಲಿದ್ದಾರೆಯೇ?
4. ಮಗು ಮಣ್ಣು, ಗೋಡೆಯ ಚಕ್ಕೆ, ಬಣ್ಣದ ಸಿಪ್ಪೆ ತಿನ್ನುತ್ತದೆಯೇ?
5. ಕಬ್ಬಿಣಾಂಶದ ಔಷಧಿ ಸರಿಯಾಗಿ ಕೊಟ್ಟರೂ ರಕ್ತ ಏರುತ್ತಿಲ್ಲವೇ?
6. ಮಾತು, ನಡಿಗೆ ತಡವಾಗಿದೆಯೇ, ಕಾರಣ ತಿಳಿಯದ ಹೊಟ್ಟೆ ನೋವು ಮತ್ತೆ ಮತ್ತೆ ಬರುತ್ತಿದೆಯೇ?

ಅಮೆರಿಕದಲ್ಲಿ ಸರ್ಕಾರದ ಆರೋಗ್ಯ ನೆರವು ಪಡೆಯುವ ಮಕ್ಕಳಿಗೆ ಒಂದು ವರ್ಷಕ್ಕೊಮ್ಮೆ, ಎರಡು ವರ್ಷ ತುಂಬಿದಾಗ ಇನ್ನೊಮ್ಮೆ ಈ ಪರೀಕ್ಷೆ ಕಡ್ಡಾಯ. ನಮ್ಮಲ್ಲಿ ಹಾಗಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ ಬಂದು ಮಕ್ಕಳನ್ನು ನೋಡಬೇಕು. ಅವರು ನೋಡುವ ತೊಂದರೆಗಳಲ್ಲಿ ರಕ್ತಹೀನತೆ, ಬೆಳವಣಿಗೆಯ ವಿಳಂಬ ಇವೆ, ಸೀಸ ಇಲ್ಲ. ಆದ್ದರಿಂದ ನೀವೇ ಕೇಳಬೇಕು. ಅಂಗನವಾಡಿ ಕಾರ್ಯಕರ್ತೆಗೆ ಹೇಳಿ, ತಂಡ ಬರುವ ದಿನ ತಿಳಿದುಕೊಂಡು ಹೋಗಿ, ಮೇಲಿನ ಪ್ರಶ್ನೆಗಳಿಗೆ ನಿಮ್ಮ ಉತ್ತರ ಹೇಳಿ.

ವೈದ್ಯರ ಮುಂದೆ ‘ರಕ್ತ ಪರೀಕ್ಷೆ’ ಎಂದಷ್ಟೇ ಹೇಳಿದರೆ ಹಿಮೋಗ್ಲೋಬಿನ್ ನೋಡಿ ಕಳಿಸಬಹುದು. ‘ಬ್ಲಡ್ ಲೆಡ್ ಲೆವೆಲ್’ ಎಂದು ಹೆಸರು ಹಿಡಿದು ಕೇಳಿ. ರಕ್ತ ಕೊಡುವುದು ಒಂದು ಕಡೆ, ಪರೀಕ್ಷೆ ಆಗುವುದು ಇನ್ನೊಂದು ಊರಿನ ಪ್ರಯೋಗಾಲಯದಲ್ಲಿ ಆಗಬಹುದು. ದರ, ದಿನ ಎರಡನ್ನೂ ಮೊದಲೇ ಕೇಳಿಕೊಳ್ಳಿ. ಬೆರಳು ಚುಚ್ಚಿ ರಕ್ತ ತೆಗೆಯುವುದಾದರೆ ಮಗುವಿನ ಕೈಯನ್ನು ಸೋಪು ಹಚ್ಚಿ ಚೆನ್ನಾಗಿ ತೊಳೆದಿರಬೇಕು. ಬೆರಳ ಮೇಲಿನ ಧೂಳಿನ ಸೀಸವೇ ರಕ್ತದಲ್ಲಿ ಸೇರಿ ಅಂಕಿ ಸುಳ್ಳಾಗಿ ಏರೀತು. ಹಾಗೆ ಹೆಚ್ಚು ಬಂದರೆ ನರದಿಂದ ರಕ್ತ ತೆಗೆದು ಖಚಿತ ಮಾಡಿಕೊಳ್ಳುತ್ತಾರೆ.

ಅಂಕಿ ಬಂದ ಮೇಲೆ

ಇಷ್ಟು ಸೀಸವಿದ್ದರೆ ಪರವಾಗಿಲ್ಲ ಎನ್ನುವ ಮಟ್ಟವೇ ಇಲ್ಲ. 2021ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯಂತೆ 5 ಮೈಕ್ರೋಗ್ರಾಂ ಅಥವಾ ಮೇಲೆ ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕು. 45 ಅಥವಾ ಮೇಲೆ ಬಂದರೆ ಸೀಸವನ್ನು ಮೈಯಿಂದ ಹೊರಹಾಕುವ ಔಷಧಿ ಬೇಕು, ಅದು ಆಸ್ಪತ್ರೆಯಲ್ಲೇ ಆಗಬೇಕಾದ ಚಿಕಿತ್ಸೆ. ನಾಟಿ ಭಸ್ಮ, ಪುಡಿಗಳನ್ನು ಕೊಡಬೇಡಿ, ಕೆಲವು ಭಸ್ಮಗಳಲ್ಲೇ ಸೀಸ ಇರುತ್ತದೆ. ಮಧ್ಯದ ಅಂಕಿಗಳಿಗೆ ಮುಖ್ಯ ಮದ್ದು ಮೂಲವನ್ನು ತೆಗೆಯುವುದು, ಮೈಗೆ ಕಬ್ಬಿಣಾಂಶ ಸುಣ್ಣಾಂಶ ತುಂಬುವುದು, ವೈದ್ಯರು ಹೇಳಿದ ದಿನಕ್ಕೆ ಮತ್ತೆ ಪರೀಕ್ಷಿಸುವುದು. ಮೂಲ ತೆಗೆಯದೆ ಔಷಧಿ ಕೊಟ್ಟರೆ ತೂತು ಕ್ಯಾನಿಗೆ ಹಾಲು ಹುಯ್ದಂತೆ.

ಹಾಲಿನ ಲೆಕ್ಕ

ಇನ್ನು ಕಷ್ಟದ ಮಾತು. ಸೀಸ ತಗುಲಿದ ಹಸುವಿನ ಹಾಲಿಗೂ ಸೀಸ ಬರುತ್ತದೆ. ಹಾಲಿನಲ್ಲಿ ಕಿಲೋಗೆ 0.02 ಮಿಲಿಗ್ರಾಂ ಮೀರಬಾರದು ಎಂಬುದು ಕೋಡೆಕ್ಸ್ ಎಂಬ ಅಂತರರಾಷ್ಟ್ರೀಯ ಆಹಾರ ಮಾನದಂಡ. ಕುದಿಸಿದರೆ ಸೀಸ ಹೋಗುವುದಿಲ್ಲ. ಹಸು ಚೇತರಿಸಿಕೊಂಡು ಮೇವು ಹಿಡಿದರೂ ಜಾಲಹೊಟ್ಟೆಯ ಚೂರು, ಮೂಳೆಯ ಸೀಸ ತಿಂಗಳುಗಟ್ಟಲೆ ರಕ್ತಕ್ಕೆ ಬಿಡುತ್ತಲೇ ಇರಬಹುದು. ಆದ್ದರಿಂದ ಪಶುವೈದ್ಯರು ಪರೀಕ್ಷೆ ಮಾಡಿಸಿ ಸರಿ ಎನ್ನುವವರೆಗೆ ಆ ಹಾಲು ಸಂಘಕ್ಕೂ ಬೇಡ, ಮನೆಗೂ ಬೇಡ, ಕರುವಿಗೂ ಬೇಡ.

ಹತ್ತು ದಿನಕ್ಕೊಮ್ಮೆ, ಹದಿನೈದು ದಿನಕ್ಕೊಮ್ಮೆ ಬರುವ ಬಟವಾಡೆಯಲ್ಲೇ ಮಕ್ಕಳ ಫೀಸು, ಹಿಂಡಿಯ ಸಾಲ ತೀರಬೇಕು ಎಂಬುದು ನನಗೆ ಗೊತ್ತು. ಅದಕ್ಕೇ ಕೆಲವರು ಸುಮ್ಮನಿರಲು ನೋಡಬಹುದು. ಆದರೆ ಸಂಘಕ್ಕೆ ಹಾಕದೆ ಉಳಿದ ಆ ಹಾಲನ್ನು ‘ಹಾಳಾಗುವುದೇಕೆ’ ಎಂದು ನಮ್ಮ ಮಗುವಿಗೇ ಕುಡಿಸುತ್ತೇವೆ, ಯೋಚಿಸಿ. ಮುಚ್ಚಿಡಬೇಡಿ, ನಿಮ್ಮ ಕಾರ್ಯದರ್ಶಿಗೂ ಪಶುವೈದ್ಯರಿಗೂ ಹೇಳಿ. ವಿಮೆ ಮಾಡಿಸಿದ ರಾಸಾಗಿದ್ದರೆ ರೋಗ ಏನೆಂದು ವೈದ್ಯರು ಬರೆದುಕೊಟ್ಟ ಚೀಟಿ ಜೋಪಾನವಾಗಿಡಿ.

ಒಳ್ಳೆಯ ಹಾಲಿನ ಬಗ್ಗೆಯೂ ಒಂದು ಮಾತು. ಸಂಘಕ್ಕೆ ಹಾಕುವ ಮೊದಲು ಮಗುವಿನ ಪಾಲು ಒಂದು ಲೋಟ ತೆಗೆದಿಡಿ. ಹೊಟ್ಟೆ ತುಂಬಿದ, ಸುಣ್ಣಾಂಶ ಸಿಕ್ಕ ಮಗುವಿನ ಮೈ ಸೀಸವನ್ನು ಕಡಿಮೆ ಹೀರುತ್ತದೆ. 2013ರ ಆಗಸ್ಟಿನಿಂದ ಕ್ಷೀರಭಾಗ್ಯದಲ್ಲಿ ಶಾಲೆ ಅಂಗನವಾಡಿ ಮಕ್ಕಳಿಗೆ ಸಿಗುತ್ತಿರುವುದು ನಮ್ಮಂಥವರು ಹಾಕಿದ ಹಾಲೇ. ಹಾಲು ಹಾಕುವ ಮನೆಯ ಮಗುವಿಗೇ ಅದು ತಪ್ಪಬಾರದು. ಜೊತೆಗೆ ನುಗ್ಗೆಸೊಪ್ಪು, ಹೆಸರುಕಾಳು, ಬೆಲ್ಲ, ಮೊಟ್ಟೆ ಇರಲಿ.

ಈ ವಾರ ಮಾಡಬೇಕಾದ್ದು

ಹಳೆ ಬ್ಯಾಟರಿಯನ್ನು ಹೊಸದು ಕೊಳ್ಳುವ ಅಂಗಡಿಗೇ ಕೊಟ್ಟು ಬೆಲೆ ಮುರಿಸಿಕೊಳ್ಳಿ. ಹಳೆ ಬ್ಯಾಟರಿ ಅನುಮತಿ ಇರುವವರ ಕೈಗೇ ಹೋಗಬೇಕು ಎನ್ನುತ್ತದೆ 2022ರ ಬ್ಯಾಟರಿ ತ್ಯಾಜ್ಯ ನಿಯಮ. ಕೊಟ್ಟಿಗೆ ಗುಡಿಸುವ ಮೊದಲು ನೀರು ಚಿಮುಕಿಸಿ, ಮನೆಯೊಳಗೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಉಣ್ಣುವ ಮೊದಲು ಮಗುವಿನ ಕೈ ಸೋಪಿನಿಂದ ತೊಳೆಯಿರಿ. ರಾಸುಗಳಿಗೆ ಖನಿಜ ಮಿಶ್ರಣ ತಪ್ಪಿಸಬೇಡಿ, ಕಂಡದ್ದನ್ನು ನೆಕ್ಕುವ ಚಟ ಅದರಿಂದಲೇ ಇಳಿಯುತ್ತದೆ.

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ಮಹಿಳಾ ಸಂಘಗಳ ಮುಂದಿನ ಸಭೆಯಲ್ಲಿ ಮೇಲಿನ ಆರು ಪ್ರಶ್ನೆಗಳನ್ನು ಜೋರಾಗಿ ಓದಿ. ‘ಹೌದು’ ಎಂದ ಮನೆಗಳ ಪಟ್ಟಿ ಮಾಡಿ ಅಂಗನವಾಡಿ ಕಾರ್ಯಕರ್ತೆಗೂ ಆಶಾ ಕಾರ್ಯಕರ್ತೆಗೂ ಕೊಡಿ. ಒಬ್ಬರೇ ಕೇಳಿದರೆ ‘ಇದೆಲ್ಲ ಇಲ್ಲಿ ಇಲ್ಲಮ್ಮ’ ಎಂದು ಕಳಿಸಬಹುದು. ಇಪ್ಪತ್ತು ತಾಯಂದಿರು ಪಟ್ಟಿ ಹಿಡಿದು ಹೋದರೆ ಯಾರೂ ಬರಿಗೈಲಿ ಕಳಿಸಲು ಹಿಂಜರಿಯುತ್ತಾರೆ. ಮತ್ತು ಕರು ಗೋಡೆಗೆ ತಲೆ ಒತ್ತಿ ನಿಂತ ದಿನ ನಮಗೆ ಫೋನ್ ಮಾಡಿದ ಕೈಯಲ್ಲೇ, ಮಗುವನ್ನು ಕರೆದುಕೊಂಡು ಮಕ್ಕಳ ಡಾಕ್ಟರ ಹತ್ತಿರವೂ ಹೋಗಿ.